ಪರರ ವಿಳಾಸದಲ್ಲಿ ವಾಸವಿದ್ದ ಸ್ವಿಚ್ ಸಾಹೇಬರಿಗೆ

ರೋಣ
೨೦೦೮ರ ಜೂನ್, ಶನಿವಾರ

ಇಪ್ಪತ್ನಾಲ್ಕು ಕಿಂಡಿಗಳ ಒಡೆಯರೂ, ಹದಿಮೂರು ಹಸಿರು ದೀಪಗಳ ಧಣಿಗಳೂ, ಎರಡು ವರ್ಷಗಳಿಂದ ನನ್ನ ಕಂಪ್ಯೂಟರ್ ಕೇಂದ್ರದ ಗೋಡೆಯನ್ನು ಅಲಂಕರಿಸಿದವರೂ ಆದ ಮಾನ್ಯ ಸ್ವಿಚ್ ಸಾಹೇಬರೇ,

ಟೈಪಿಂಗ್ ಮಾಸ್ತರ ಪ್ರಭುಲಿಂಗಪ್ಪನ ನಮಸ್ಕಾರಗಳನ್ನು ತಮ್ಮ ಯಾವ ಕಿಂಡಿ ಬಿಡುವಾಗಿದೆಯೋ ಆ ಕಿಂಡಿಯಿಂದ ಸ್ವೀಕರಿಸಬೇಕು. ತಮ್ಮ ಕ್ಷೇಮವನ್ನು ನಾನು ಕೇಳುವುದಿಲ್ಲ. ಮೊನ್ನೆ ಮಂಗಳವಾರ ಕೇಳಿದಾಗ ತಂತಿ ಸಿಕ್ಕಿಸಿದ ಹದಿಮೂರು ಸಾಲುಗಳಲ್ಲೂ ತಾವು ‘ಅಪ್, ಅಪ್’ ಎಂದು ಎರಡೆರಡು ಬಾರಿ ಉತ್ತರ ಕೊಟ್ಟಿದ್ದನ್ನು ನಾನೇ ಕಣ್ಣಾರೆ ಓದಿದ್ದೇನೆ. ಅಷ್ಟು ಆರೋಗ್ಯವಂತರನ್ನು ನಾನು ಈ ತಾಲೂಕಿನಲ್ಲಿ ಬೇರೆ ಕಂಡಿಲ್ಲ.

ತಮ್ಮ ಬಗ್ಗೆ ನನಗಿದ್ದ ಅಭಿಮಾನವನ್ನು ಮೊದಲು ಹೇಳಿಬಿಡುತ್ತೇನೆ. ಮೂವತ್ತು ವರ್ಷ ಟೈಪಿಂಗ್ ಕಲಿಸಿದ ಮೇಲೆ ಯಂತ್ರಗಳನ್ನು ಮೂಲೆಗೆ ಸರಿಸಿ ಹನ್ನೆರಡು ಕಂಪ್ಯೂಟರ್ ಇಟ್ಟಾಗ, ಅವನ್ನೆಲ್ಲ ಒಂದು ಕಡೆ ಜೋಡಿಸಿ ಇಂಟರ್ನೆಟ್ ಹಂಚುವ, ಸ್ವಿಚ್ ಎಂಬ ಪೆಟ್ಟಿಗೆಯೊಂದು ಬೇಕಾಯಿತು. ಹುಬ್ಬಳ್ಳಿಯಲ್ಲಿ ಮುಚ್ಚಿಹೋದ ಒಂದು ಕಾರ್ಖಾನೆಯ ಆಫೀಸಿನಿಂದ ತಮ್ಮನ್ನು ತಂದೆ. ಬೇರೆ ಅಂಗಡಿಗಳಲ್ಲಿರುವುದು ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ; ತಾವಾದರೋ ಕಬ್ಬಿಣದ ಮೈಯವರು. ಬಂದವರಿಗೆಲ್ಲ ತಮ್ಮನ್ನು ತೋರಿಸಿ, ‘ಇಂಥಾದ್ದು ರೋಣದಾಗ ಇದೊಂದರಿ’ ಎಂದು ಹೇಳಿಕೊಂಡು ತಿರುಗಿದೆ. ತಮ್ಮೊಂದಿಗೆ ಬಂದ ತಿಳಿನೀಲಿ ಬಣ್ಣದ ಚಪ್ಪಟೆ ತಂತಿ ಯಾವುದಕ್ಕೆಂದು ತಿಳಿಯದೆ ಅದರಿಂದ ಕಿಟಕಿಯ ಪರದೆ ಕಟ್ಟಿದೆ. ಈ ಅಪರಾಧವನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಹಿಂದಿನ ಶನಿವಾರದ ಸಿಡಿಲಿಗೆ ನಮ್ಮ ಹಳೆಯ ಮೋಡೆಮ್, ಅಂದರೆ ಟೆಲಿಫೋನ್ ತಂತಿಯಿಂದ ಇಂಟರ್ನೆಟ್ ಇಳಿಸಿಕೊಡುವ ಚಿಕ್ಕ ಪೆಟ್ಟಿಗೆ, ಸುಟ್ಟುಹೋಯಿತು. ಬಸ್ ನಿಲ್ದಾಣದ ಬಳಿ ರೇಡಿಯೊ, ಟೀವಿ ರಿಪೇರಿ ಮಾಡುವ ನಜೀರಸಾಬರು ಭಾನುವಾರವೇ ಗದಗಿಗೆ ಹೋಗಿ ಹೊಸದನ್ನು ತಂದು ಜೋಡಿಸಿದರು. ಸೋಮವಾರದಿಂದ ತಮ್ಮ ಲೀಲೆ ಆರಂಭವಾಯಿತು. ಒಂದು ಪುಟ ತೆರೆದರೆ ಮೂರು ತೆರೆಯುತ್ತಿರಲಿಲ್ಲ. ಐದನೆಯ ಕಂಪ್ಯೂಟರಿಗೆ ಬಂದ ಇಂಟರ್ನೆಟ್ ಆರನೆಯದಕ್ಕೆ ಬರುತ್ತಿರಲಿಲ್ಲ. ಆರನೆಯದಕ್ಕೆ ಬಂತೆಂದು ಸಂತೋಷಪಡುವಷ್ಟರಲ್ಲಿ ಐದನೆಯದು ಹೋಗಿರುತ್ತಿತ್ತು. ಹನ್ನೆರಡು ಕಂಪ್ಯೂಟರಿಗೂ ಮೋಡೆಮ್ಮಿಗೂ ಸೇರಿದ ತಮ್ಮ ಹದಿಮೂರು ದೀಪಗಳು ಮಾತ್ರ ಒಂದೂ ಆರಲಿಲ್ಲ.

ನಜೀರಸಾಬರು ಕರೆಯದೆಯೇ ಮೂರು ಸಲ ಬಂದು ನೋಡಿದರು. ಮೂರನೆಯ ಸಲ ತಮ್ಮತ್ತ ಬೆರಳು ತೋರಿಸಿ, “ಮಾಸ್ತರ್ರ, ಮೋಡೆಮ್ ಚಲೋ ಐತ್ರಿ. ಈ ಪೆಟ್ಟಿಗಿ ಒಮ್ಮೆ ಬಿಟ್ಟು, ಒಂದ ಕಂಪ್ಯೂಟರಿಗೆ ಸೀದಾ ತಂತಿ ಹಚ್ಚಿ ನೋಡೂಣೇನ್ರಿ?” ಎಂದರು. ತಮ್ಮ ಮೈಗೆ ಇನ್ನೊಬ್ಬರ ಕೈ ತಾಗುವುದೇ! ನಾನು ಬೇಡವೆಂದೆ.

ಮಂಗಳವಾರ ಬೆಳಿಗ್ಗೆ ಮುಶಿಗೇರಿಯಿಂದ ಕಲ್ಲವ್ವ ಬಂದಳು. ಅಂಗನವಾಡಿಯಲ್ಲಿ ಹದಿಮೂರು ವರ್ಷ ಸಹಾಯಕಿಯಾಗಿ ಮಕ್ಕಳ ಮೂಗು ಒರೆಸಿ, ಉಪ್ಪಿಟ್ಟು ಬಡಿಸಿ, ಮಧ್ಯೆ ಮಧ್ಯೆ ಅಂಚೆಯ ಮೂಲಕ ಓದಿ ಪದವಿ ಪಡೆದವಳು. ಮೇಲ್ವಿಚಾರಕಿಯ ಹುದ್ದೆಗೆ ಅರ್ಜಿ ಕರೆದಿದ್ದರು. ಅರ್ಜಿಯನ್ನು ಇಂಟರ್ನೆಟ್ಟಿನಲ್ಲೇ ತುಂಬಬೇಕು, ಅಂದು ಸಂಜೆ ಐದಕ್ಕೆ ಮುಕ್ತಾಯ, ಮತ್ತು ಮುಂದಿನ ತಿಂಗಳು ಅವಳ ವಯಸ್ಸು ಮಿತಿ ದಾಟುತ್ತಿತ್ತು. ಪದವಿ ಪ್ರಮಾಣಪತ್ರ ಬಂದದ್ದೇ ಹಿಂದಿನ ದಿನವಾದ್ದರಿಂದ ತಡಮಾಡಿದವಳು ಅವಳಲ್ಲ. ಹನ್ನೆರಡೂವರೆಯ ಹೊತ್ತಿಗೆ ಅರ್ಜಿ ಆರು ಸಲ ಅರ್ಧಕ್ಕೆ ನಿಂತಿತ್ತು.

“ಸರ, ಒಂದಕ್ಕ ಗದಗಿನ ಬಸ್ ಐತ್ರಿ. ನಾ ಅಲ್ಲೇ ಹೋಗಿ ತುಂಬಿ ಬರ್ಲೇನ್ರಿ?” ಎಂದು ಅವಳು ಕೇಳಿದಳು.

“ಏನೂ ಬ್ಯಾಡವಾ, ಸುಮ್ನ ಕುಂದರು. ಅರ್ಧಾ ತಾಸಿನಾಗ ಆಕ್ಕತಿ,” ಎಂದವನು ನಾನು. ತಮ್ಮ ಹದಿಮೂರು ದೀಪಗಳನ್ನು ನೋಡಿಯೇ ಹಾಗೆ ಹೇಳಿದೆ, ಸಾಹೇಬರೇ. ಬಸ್ ಹೋಯಿತು. ಎರಡು ಗಂಟೆಯಾದರೂ ಏನೂ ಆಗಲಿಲ್ಲ. ಕಲ್ಲವ್ವ ಪ್ರಮಾಣಪತ್ರದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಗಡಿಯಾರ ನೋಡುತ್ತ ಕುಳಿತಳು. ಅವಳು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅದೇ ವೇಳೆಗೆ ನಜೀರಸಾಬರು ನಾಲ್ಕನೆಯ ಸಲ ಬಾಗಿಲಲ್ಲಿ ಕಾಣಿಸಿಕೊಂಡರು. ಹೊರಗೆ ಹತ್ತು ಹನ್ನೆರಡು ಜನ ಸರದಿಯಲ್ಲಿ ನಿಂತಿದ್ದರು. ಇಪ್ಪತ್ತು ವರ್ಷ ಅವರನ್ನು ಬಹುವಚನದಲ್ಲೇ ಮಾತಾಡಿಸಿದ ನಾನು ಮೆಟ್ಟಿಲ ಮೇಲೆ ನಿಂತು, ಅಷ್ಟೂ ಜನರ ಮುಂದೆ, “ನಜೀರ, ಹಳೇ ಮೋಡೆಮ್ ಒರಸಿ ಹೊಸಾದು ಅಂತ ಕೊಟ್ಟಿಯಲ್ಲ. ಈ ಹೆಣ್ಣಮಗಳ ನೌಕರಿ ಹೋದ್ರ ನೀ ಕೊಡ್ತಿಯೇನು?” ಎಂದುಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಅಂಗಿಯ ಜೇಬಿಗೆ ಇಳಿಸಿ, “ಆತ್ರಿ,” ಎಂದು ಹೊರಟುಹೋದರು.

ಆಗ ನೆನಪಾದವಳು ನಿಲೋಫರ. ಗಜೇಂದ್ರಗಡದ ಹುಡುಗಿ, ನನ್ನ ಬಳಿ ಟೈಪಿಂಗ್ ಕಲಿತು, ಈಗ ಗದಗಿನ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಜಾಲದ ಪಾಠ ಹೇಳುತ್ತಾಳೆ. ಅಂದು ರಜೆಯೆಂದು ಊರಲ್ಲಿದ್ದಳು. ಫೋನ್ ಮಾಡಿದ ಒಂದೂ ಕಾಲು ಗಂಟೆಗೆ, ಹೆಗಲಿಗೆ ಲ್ಯಾಪ್‌ಟಾಪ್ ಹಾಕಿಕೊಂಡು ಬಸ್ಸಿಳಿದಳು. ಬಂದವಳು ಮೋಡೆಮ್ಮಿನ ಕಡೆ ನೋಡಲೇ ಇಲ್ಲ. ತಮ್ಮ ಮುಂದೆ ನಿಂತು, “ಸರ, ಇದರ ಜೋಡಿ ಒಂದು ನೀಲಿ ತಂತಿ ಬಂದಿತ್ತಲ್ರಿ, ಎಲ್ಲೈತ್ರಿ?” ಎಂದಳು. ನಾನು ಪರದೆಯ ಗಂಟು ಬಿಚ್ಚಿಕೊಟ್ಟೆ. ಅವಳು ನಗದಿರಲು ತುಂಬ ಕಷ್ಟಪಟ್ಟಳು.

ಆ ತಂತಿ ತಮ್ಮೊಡನೆ ಮಾತಾಡುವ ತಂತಿಯಂತೆ. ಅದರ ಒಂದು ತುದಿಯನ್ನು ತಮಗೂ ಇನ್ನೊಂದನ್ನು ಲ್ಯಾಪ್‌ಟಾಪಿಗೂ ಸಿಕ್ಕಿಸಿ, ‘ಷೋ ಐಪಿ ಇಂಟರ್‌ಫೇಸ್ ಬ್ರೀಫ್’ ಎಂದು ಅವಳು ಟೈಪ್ ಮಾಡಿದಳು. ತಮ್ಮ ಯಾವ ಕಿಂಡಿ ಹೇಗಿದೆ, ಯಾವ ವಿಳಾಸದಲ್ಲಿದೆ ಎಂದು ಚುಟುಕಾಗಿ ತೋರಿಸಿರಿ ಎಂಬ ವಿನಂತಿ ಅದು. ತಾವು ಕೂಡಲೇ ಒಂದು ಪಟ್ಟಿಯನ್ನು ಹರವಿದಿರಿ. ಮೂವತ್ತು ವರ್ಷದ ನನ್ನ ಶಿಷ್ಯರಲ್ಲಿ ಒಬ್ಬರೂ ಅಷ್ಟು ನೆಟ್ಟಗೆ ಕಂಬಸಾಲು ಟೈಪ್ ಮಾಡಿಲ್ಲವೆಂಬುದನ್ನು ಈ ದುಃಖದಲ್ಲೂ ಹೇಳಲೇಬೇಕು. ಮೊದಲನೆಯ ‘ಅಪ್’ ಎಂದರೆ ತಂತಿಗೆ ಜೀವವಿದೆ, ಎರಡನೆಯ ‘ಅಪ್’ ಎಂದರೆ ಆಚೀಚೆ ಮಾತುಕತೆ ನಡೆದಿದೆ ಎಂದು ನಿಲೋಫರ ವಿವರಿಸಿದಳು. ನಮ್ಮೂರಿನ ಎಷ್ಟೋ ಮನೆಗಳಲ್ಲಿ ಮೊದಲನೆಯದಿದ್ದು ಎರಡನೆಯದಿಲ್ಲ. ತಮ್ಮಲ್ಲಿ ಎರಡೂ ಇದ್ದವು.

“ಎಲ್ಲಾ ಅಪ್ ಐತಲ್ಲವಾ. ಮತ್ತ ಇದರ ತಪ್ಪೇನು?” ಎಂದೆ, ಗೆದ್ದವನಂತೆ.

“ಸರ, ಅಪ್ ಅಂದ್ರ ಎದ್ದು ಕುಂತೈತಿ ಅಂತ ಅಷ್ಟರಿ. ಯಾರ ಮನ್ಯಾಗ ಕುಂತೈತಿ ನೋಡ್ರಿ ಇಲ್ಲಿ,” ಎಂದು ಅವಳು ಪಟ್ಟಿಯ ಒಂದು ಸಾಲಿನ ಮೇಲೆ ಬೆರಳಿಟ್ಟಳು. ತಮ್ಮ ವಿಳಾಸ: 192.168.1.1. ಆಮೇಲೆ ಮೋಡೆಮ್ಮಿನ ತಳ ತಿರುಗಿಸಿ ಅಂಟುಚೀಟಿ ತೋರಿಸಿದಳು. ಅದರ ವಿಳಾಸ: 192.168.1.1.

ಎರಡು ಮನೆಗೆ ಒಂದೇ ನಂಬರಿದ್ದರೆ ಟಪಾಲಿನವನ ಗತಿ ಏನಾಗುತ್ತದೋ ಅದೇ ನಮ್ಮದೂ ಆಗಿತ್ತು. ಕಂಪ್ಯೂಟರುಗಳು ಹೊರಗಿನ ಲೋಕಕ್ಕೆಂದು ಕೊಟ್ಟ ಕಾಗದ ಕೆಲವೊಮ್ಮೆ ಮೋಡೆಮ್ಮಿಗೆ ಹೋಗಿ ಮುಂದೆ ಸಾಗುತ್ತಿತ್ತು; ಕೆಲವೊಮ್ಮೆ ತಾವು, ‘ಆ ಮನೆಯವರು ನಾವೇ’ ಎಂದು ಕೈಚಾಚಿ ಪಡೆದು, ಮುಂದಿನ ದಾರಿ ತಿಳಿಯದೆ ಅಲ್ಲೇ ಒಗೆದುಬಿಡುತ್ತಿದ್ದಿರಿ. ಆ ನಂಬರು ಹುಬ್ಬಳ್ಳಿಯ ಆಫೀಸಿನವರು ಕೊಟ್ಟದ್ದಂತೆ. ನಮ್ಮ ಹಳೆಯ ಮೋಡೆಮ್ಮಿನ ನಂಬರು ಬೇರೆಯಾಗಿದ್ದರಿಂದ ಎರಡು ವರ್ಷ ತಮ್ಮ ಸಂಗತಿ ಹೊರಬೀಳಲಿಲ್ಲ. ನಜೀರಸಾಬರು ತಂದ ಹೊಸ ಮೋಡೆಮ್, ಹೊಸದಾಗಿದ್ದರಿಂದಲೇ, ತಮ್ಮನ್ನು ಹಿಡಿದುಕೊಟ್ಟಿತು.

ನಿಲೋಫರ ತಮಗೆ ಕೊನೆಯಲ್ಲಿ ಇನ್ನೂರ ಐವತ್ತು ಬರುವ ಬೇರೆ ವಿಳಾಸ ಕೊಟ್ಟಳು, ಮತ್ತೊಮ್ಮೆ ಪಟ್ಟಿ ತರಿಸಿ ನೋಡಿದಳು. ಹನ್ನೆರಡೂ ಕಂಪ್ಯೂಟರುಗಳಲ್ಲಿ ಪುಟಗಳು ತೆರೆದುಕೊಂಡವು. ಕಲ್ಲವ್ವ ಹೆಸರು, ಊರು, ಓದು ಎಲ್ಲ ತುಂಬಿ ಫೋಟೊ ಹಾಕುವಷ್ಟರಲ್ಲಿ, ನಾಲ್ಕೂ ಕಾಲಿಗೆ, ಕರೆಂಟ್ ಹೋಯಿತು. ಇಪ್ಪತ್ತು ನಿಮಿಷ ಯಾರೂ ಜಾಗ ಬಿಟ್ಟು ಏಳಲಿಲ್ಲ. ಕರೆಂಟ್ ಬಂದಾಗ ಅರ್ಜಿಯನ್ನು ಮೊದಲಿನಿಂದ ತೆರೆದರೆ ಮತ್ತೆ ಅದೇ ಹಳೆಯ ಆಟ. ನಿಲೋಫರ ಪಟ್ಟಿ ತರಿಸಿದಳು. ತಾವು ನಿದ್ದೆಯಿಂದೆದ್ದು, ಏನೂ ಆಗದವರಂತೆ, ಮೋಡೆಮ್ಮಿನ ಮನೆಗೇ ಮರಳಿ ಹೋಗಿ ಕುಳಿತಿದ್ದಿರಿ.

“ತಪ್ಪು ನಂದರಿ ಸರ. ಬದಲು ಮಾಡಿದೆ, ಉಳಿಸಿಡೂದು ಮರತೆ,” ಎಂದಳು ನಿಲೋಫರ. ಒಂದು ಕ್ಷಣವೂ ತಡಮಾಡದೆ, ಯಾರ ಮೇಲೂ ಹಾಕದೆ, ಎಲ್ಲರಿಗೂ ಕೇಳುವಂತೆ ಹೇಳಿದಳು. ಮತ್ತೆ ಹೊಸ ವಿಳಾಸ ಬರೆದು, ಈ ಸಲ ತಮ್ಮ ನೆನಪಿನಲ್ಲಿ ಉಳಿಯುವ ಹಾಗೆ ಅಪ್ಪಣೆ ಕೊಟ್ಟು, ಪಟ್ಟಿಯನ್ನು ಎರಡು ಸಲ ಓದಿದಳು. ನಾಲ್ಕು ಐವತ್ತೆರಡಕ್ಕೆ ಕಲ್ಲವ್ವನ ಅರ್ಜಿ ಹೋಯಿತು. ನೋಂದಣಿಯ ಕಾಗದ ಪ್ರಿಂಟರಿನಿಂದ ಬಂದಾಗ ಅವಳು ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ, ಮಡಚಿ ಚೀಲದಲ್ಲಿಟ್ಟು, “ಬರ್ತೀನ್ರಿ ಸರ. ಮಧ್ಯಾಹ್ನ ಬೈಸಿಕೊಂಡು ಹೋದ್ರಲ್ಲ, ಅವರಿಗೊಂದು ಮಾತು ಹೇಳ್ರಿ,” ಎಂದಳು. ಯಾರಿಗೆಂದು ಅವಳು ಹೆಸರು ಹೇಳುವ ಅಗತ್ಯವಿರಲಿಲ್ಲ.

ಬುಧವಾರ ಬೆಳಿಗ್ಗೆ ನಜೀರಸಾಬರ ಅಂಗಡಿಗೆ ಹೋದೆ. ಅವರು ಎದ್ದುನಿಂತು ಸ್ಟೂಲ್ ಕೊಟ್ಟರು, ಚಹಾ ತರಿಸಿದರು. ತಪ್ಪಾಯಿತೆಂದು ಮೆಲ್ಲಗೆ ಹೇಳಿದೆ. ಬಿಚ್ಚಿಟ್ಟ ರೇಡಿಯೊದಿಂದ ಕಣ್ಣೆತ್ತದೆ ಅವರು, “ಇರ್ಲಿ ಬಿಡ್ರಿ ಮಾಸ್ತರ್ರ. ಆದ್ರ ನಿನ್ನೆ ಹೊರಗ ನಿಂತು ಅಂದ್ರಿ. ಇವತ್ತ ಒಳಗ ಕುಂತು ಅನ್ನಾಕತ್ತೀರಿ. ನಿನ್ನೆ ಸಂಜಿಗೆ, ಸರದಿಯಾಗ ನಿಂತು ನಿಮ್ಮ ಮಾತು ಕೇಳಿದ ಯಾವಗಲ್‌ನ ಹನಮಪ್ಪ ಬಂದು, ಕೊಟ್ಟ ಟೀವಿ ರಿಪೇರಿ ಮಾಡಿಸದ ಹೊಳ್ಳಿ ಒಯ್ದಾನ್ರಿ,” ಎಂದರು.

ಆದಕಾರಣ, ಮಾನ್ಯರೇ, ಈ ಪತ್ರವನ್ನು ಬಹಿರಂಗವಾಗಿ ಬರೆದು, ಅಂದು ನಾನು ನಿಂತು ಮಾತಾಡಿದ ಮೆಟ್ಟಿಲ ಎದುರಿನ ಬಾಗಿಲಿಗೇ ಅಂಟಿಸುತ್ತಿದ್ದೇನೆ. ತಮ್ಮಲ್ಲಿ ನನ್ನ ಬೇಡಿಕೆಗಳು ಅಲ್ಪ. ತಾವು ಗೋಡೆಯಿಂದಿಳಿದು, ಹದಿಮೂರು ತಂತಿಗಳನ್ನೂ ಸೆರಗಿನಂತೆ ಎತ್ತಿ ಹಿಡಿದು, ಹಗಲು ಹೊತ್ತಿನಲ್ಲೇ ಬಜಾರದ ನಡುವೆ ನಡೆದು ನಜೀರಸಾಬರ ಅಂಗಡಿಗೆ ಹೋಗಿ ತಪ್ಪೊಪ್ಪಿಕೊಳ್ಳಬೇಕು. ಅಲ್ಲಿಂದ ಯಾವಗಲ್ ಬಸ್ ಹತ್ತಿ ಹನಮಪ್ಪನ ಟೀವಿಯನ್ನು ಹೊತ್ತು ತರಬೇಕು. ಮತ್ತು ತಮ್ಮ ಆ ಸುಂದರ ಪಟ್ಟಿಗೆ ಇನ್ನೊಂದು ಕಂಬಸಾಲು ಸೇರಿಸಿ, ದೀಪ ಉರಿಯುತ್ತಿದ್ದರೂ ಒಳಗೆ ಸರಿಯಿಲ್ಲದವರು ಯಾರೆಂದು ತೋರಿಸಬೇಕು. ಅದು ಮನುಷ್ಯರಿಗೂ ಅನ್ವಯಿಸುವಂತಿದ್ದರೆ ಇನ್ನೂ ಉಪಕಾರವಾಗುತ್ತದೆ.

ಮಂಗಳವಾರ ಮಧ್ಯಾಹ್ನದವರೆಗೆ ಮಾತ್ರ ತಮ್ಮ ವಿಶ್ವಾಸಿಯಾಗಿದ್ದ,
ಪ್ರಭುಲಿಂಗಪ್ಪ, ಟೈಪಿಂಗ್ ಮಾಸ್ತರ

ತಾಜಾಕಲಂ: ಪತ್ರ ಅಂಟಿಸಿದ ಅರ್ಧ ಗಂಟೆಗೆ ನಜೀರಸಾಬರು ಬಂದು, ಕನ್ನಡಕ ಹಾಕಿಕೊಂಡು, ನಿಂತಲ್ಲೇ ಪೂರ್ತಿ ಓದಿದರು. ಎರಡು ಕಡೆ ನಕ್ಕರು ಕೂಡ. ಓದಿ ಮುಗಿಸಿ, “ಭಾಳ ಚಲೋ ಬರದೀರಿ ಮಾಸ್ತರ್ರ. ಆದ್ರ ಇನ್ನೂ ಪೆಟ್ಟಿಗಿಗೇ ಬೈದೀರಿ. ನನಗ ಅಂದಾಂವ ಪೆಟ್ಟಿಗಿ ಅಲ್ಲಲ್ರಿ,” ಎಂದರು. ಅವರ ಜೇಬಿನ ಪೆನ್ನನ್ನೇ ಇಸಿದುಕೊಂಡು, ಸರದಿಯಲ್ಲಿದ್ದವರೆಲ್ಲ ನೋಡುತ್ತಿರುವಾಗ, ಈ ಕೆಳಗಿನ ಸಾಲನ್ನು ಬರೆದಿದ್ದೇನೆ. ಸಾಹೇಬರೇ, ತಾವು ಇದನ್ನು ಓದಬೇಕಿಲ್ಲ.

ನಜೀರಸಾಬರು ಕೊಟ್ಟ ಮೋಡೆಮ್ ಹೊಚ್ಚ ಹೊಸದು. ಸುಳ್ಳು ಹೇಳಿದವನು ನಾನು.