ಕೇಳದೆ ಹೆಜ್ಜೆ ಇಡದ ಕಾಕಾ

ನಮ್ಮ ಕಾಕಾನಷ್ಟು ಏನೂ ತಿಳಿಯದ ಮನುಷ್ಯ ನಿಜಾಮರ ಇಡೀ ಸೀಮೆಯಲ್ಲೇ ಇನ್ನೊಬ್ಬ ಇರಲಿಲ್ಲ. ಇದು ನನ್ನ ಮಾತಲ್ಲ. ಕಾಕಾನೇ ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದ! ಹುಮನಾಬಾದದ ಬೇರೆ ಹಿರಿಯರೆಲ್ಲ ತಮಗೆ ಎಷ್ಟು ಗೊತ್ತು ಎಂದು ಜಂಬ ಕೊಚ್ಚಿಕೊಂಡರೆ, ನನ್ನಪ್ಪನ ಈ ತಮ್ಮ "ನನಗೇನ್ ಗೊತ್ತೈತಿ? ಕೇಳಿ ಬರ್ತೀನಿ ತಡೀರಿ" ಎಂದು ಕೊಡೆ ಹಿಡಿದು ಹೊರಟುಬಿಡುತ್ತಿದ್ದ.

ಕೇಳುವುದಕ್ಕೂ ಒಂದು ಮಿತಿ ಬೇಡವೇ? ಬಂಡಿ ಹೂಡುವ ಮೊದಲು ಎತ್ತಿನ ಕಿವಿಯಲ್ಲಿ "ಹೋಗೂನೇನಪಾ?" ಎನ್ನುತ್ತಿದ್ದ. ಒಮ್ಮೆ ಘಾಟಬೋರಾಳದ ಮದುವೆಗೆ ಹೊರಟಾಗ ಎಡದ ಎತ್ತು ತಲೆ ಕೊಡವಿತು. "ಅದಕ್ಕ ಮನಸಿಲ್ಲ" ಎಂದು ಕಾಕಾ ಬೇವಿನ ನೆರಳಲ್ಲಿ ಅಂಗಾತ ಮಲಗಿ, ಎಲೆಗಳ ಸಂದಿಯಲ್ಲಿ ಹೋಗುವ ಮೋಡ ನೋಡುತ್ತ ಉಳಿದ. ಎತ್ತಿಗೆ ಮನಸ್ಸು ಬರುವಷ್ಟರಲ್ಲಿ ಅಲ್ಲಿ ಅಕ್ಕಿಕಾಳು ಬಿದ್ದು, ಊಟ ಮುಗಿದು, ಬೀಗರು ಮುನಿಸಿಕೊಂಡೂ ಆಗಿತ್ತು!

ಇಂಥವನನ್ನು ಊರಿನ ಧರ್ಮಕಾರ್ಯದ ಕಮಿಟಿಗೆ ಯಾಕೆ ಸೇರಿಸಿಕೊಂಡರು? ಮೂಲೆಯಲ್ಲಿ ಕನಸು ಕಾಣುತ್ತ ಸುಮ್ಮನೆ ಕೂತಿರುತ್ತಾನೆ ಎಂದೇ! ಕಾಳಿನ ದಲಾಲಿ ಮಾಡುವ ಅಡತಿ ಅಂಗಡಿಯ ಸಾವಕಾರರು ಅದರ ಅಧ್ಯಕ್ಷರು. ಬಡ ಹೆಂಗಸರಿಗೆಂದು ಬಜಾರದ ಬದಿಯಲ್ಲಿ ಒಂದು ಹೆರಿಗೆ ಕೋಣೆ ಕಟ್ಟಿಸಿದರು. ಕಬ್ಬಿಣದ ಮಂಚ, ಅದನ್ನು ಹತ್ತಲು ಒಂದು ಸ್ಟೂಲು, ಬಜಾರಕ್ಕೆ ಬಾಯಿ ತೆರೆದ ದೊಡ್ಡ ಕಿಟಕಿ, ಬಾಗಿಲ ಮೇಲೆ ಕಮಿಟಿಯವರ ಹೆಸರು ಕೆತ್ತಿದ ಕಲ್ಲು. ಎಲ್ಲ ಇತ್ತು. ಬಸುರಿಯರು ಮಾತ್ರ ಬರಲಿಲ್ಲ.

"ನಮ್ಮ ಹೆಣ್ಮಕ್ಕಳಿಗೆ ಅಕ್ಕಲ್ ಇಲ್ಲ" ಎಂದರು ಸಾವಕಾರರು.

ಮೂಲೆಯಿಂದ ಕಾಕಾ ಕಣ್ಣು ತೆರೆದ. "ಒಂದ್ ಮಾತ್ರೀ. ನಮ್ಮೊಳಗ ಯಾರರೆ ಹಡದವರು ಅದಾರೇನು?"

ಏಳು ಜನ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಕಾ ಕೊಡೆ ಹಿಡಿದು ಎದ್ದ. "ಕೇಳಿ ಬರ್ತೀನಿ ತಡೀರಿ."

ಹೋದದ್ದು ಎಲ್ಲಿಗೆ? ಬಸವಕಲ್ಯಾಣಕ್ಕೆ, ಆಗ ನಾವು ಬರೀ ಕಲ್ಯಾಣಿ ಎನ್ನುತ್ತಿದ್ದೆವು. ಅಲ್ಲಿದ್ದಳು ಮುಸಲ್ಮಾನರ ಮುದುಕಿ ಸೂಲಗಿತ್ತಿ, ಊರಿಗೆಲ್ಲ ಖಾಲಾ, ಅಂದರೆ ಚಿಕ್ಕವ್ವ. ಎತ್ತಿನ ಒಪ್ಪಿಗೆ ಪಡೆದು, ಜೋಳದ ಹೊಲಗಳ ನಡುವೆ ನಿಧಾನ ತೇಲಿದಂತೆ ಹೋಗಿ, ಮೂರನೆಯ ದಿನ ಖಾಲಾಳನ್ನು ಬಂಡಿಯಲ್ಲಿ ಕೂಡಿಸಿಕೊಂಡು ಬಂದ. ಕಮಿಟಿಯಲ್ಲಿ ತನ್ನ ಕುರ್ಚಿ ಆಕೆಗೆ ಬಿಟ್ಟುಕೊಟ್ಟು ತಾನು ನೆಲದ ಮೇಲೆ ಕೂತ. ಸಾವಕಾರರು ಮುಖ ಗಂಟಿಕ್ಕಿದರು.

ಖಾಲಾ ಕೋಣೆಯನ್ನೆಲ್ಲ ನೋಡಿ, "ಬಾಬಾ, ನೀನಽ ಆ ಮಂಚದ ಮ್ಯಾಲ ಮಕ್ಕೋ" ಎಂದಳು. ಕಾಕಾ ಸ್ಟೂಲು ಹತ್ತಿ ಮಲಗಿದ. ಮಲಗಿದ್ದೇ ತಡ, ಕಿಟಕಿಯ ತುಂಬ ಬಜಾರದ ಮುಖಗಳು! ಬಳೆಗಾರನಂತೂ ಕಂಬಿ ಹಿಡಿದು, "ಏನ್ರೀ, ನೀವು ಹಡಿಯಾಕತ್ತೀರೇನು?" ಎಂದೇ ಕೇಳಿದ.

ಕಾಕಾ ಇಳಿದು ಬಂದಾಗ ಬೆವರಿದ್ದ. ಖಾಲಾ ಹೇಳಿದಂತೆ ಕಿಟಕಿ ಮುಚ್ಚಿಸಿದರು, ಬಸುರಿ ಹತ್ತಲಾಗದ ಮಂಚ ಹೊರಗೆ ಹಾಕಿದರು, ನೀರು ಕಾಯಿಸಲು ಒಲೆ ಕಟ್ಟಿಸಿದರು, ತವರಿನವರು ಕೂಡಲು ಚಾಪೆ ಹಾಸಿದರು. ಇನ್ನು ಎಲ್ಲ ಸರಿಹೋಯಿತು ಎಂದುಕೊಂಡರು.

ಆಗ ನಾನು ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಿದ್ದೆ. ಹಿಂದಿನ ವರ್ಷ ಅತ್ತೆಯ ಮನೆಯ ಕಾಳಿನ ಕೋಣೆಯಲ್ಲಿ ಹಡೆದಿದ್ದೆ. ಕತ್ತಲೆ, ಹೊಗೆ. ಕೂಸು ಅಳಲೇ ಇಲ್ಲ. ಅಂದಿನಿಂದ ಮುಚ್ಚಿದ ಕೋಣೆ ಕಂಡರೆ ನಾನು ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದೆ. ಯಾರಿಗೆ ಹೇಳಲಿ? ಅವ್ವ ಹಿತ್ತಲ ಕೋಣೆ ಎಂದು ನಿಶ್ಚಯಿಸಿದ್ದಳು, ಅಪ್ಪ ಕಮಿಟಿಯ ಕೋಣೆ ಎಂದು ನಿಶ್ಚಯಿಸಿದ್ದ. ಎರಡರಲ್ಲೂ ಕತ್ತಲೆಯೇ.

ಒಂದು ಮಧ್ಯಾಹ್ನ ಕಾಕಾ ಬಂದು ನನ್ನೆದುರು ಕೂತು, "ನೀ ಹೇಳವ್ವ. ನಿನಗ ಹ್ಯಾಂಗ ಬೇಕು?" ಎಂದ.

ನಾನು ಹಿಂದೆ ತಿರುಗಿ ನೋಡಿದೆ, ಯಾರನ್ನು ಕೇಳುತ್ತಿದ್ದಾನೆ ಎಂದು! ನನಗಾಗ ಹತ್ತೊಂಬತ್ತು ವರ್ಷ. ಮದುವೆಯ ಸೀರೆಗೆ ಯಾವ ಬಣ್ಣ ಬೇಕೆಂದೂ ನನ್ನನ್ನು ಯಾರೂ ಕೇಳಿರಲಿಲ್ಲ. ಕಾಕಾ ಕಾದ. ಎತ್ತಿಗೇ ಕಾಯುವವನು ನನಗೆ ಕಾಯುವುದಿಲ್ಲವೇ?

"ಮುಗಿಲು ಕಾಣಬೇಕು ಕಾಕಾ," ಎಂದೆ. "ಕತ್ತಲಿ ಒಳಗ ನಾ ಒಲ್ಲೆ." ಆಮೇಲೆ ಅಳು ತಡೆಯಲಾಗಲಿಲ್ಲ.

ಕೋಣೆಯ ಚಾವಣಿಗೆ ಕಿಂಡಿ ತೆಗೆಸೋಣ ಎಂದು ಕಾಕಾ ಹೇಳಿದ್ದಕ್ಕೆ ಕಮಿಟಿಯಲ್ಲಿ ದೊಡ್ಡ ರಂಪವಾಯಿತಂತೆ. "ಈಗರೆ ಕಿಟಕಿ ಮುಚ್ಚಿಸಿದ್ರಿ. ಒಬ್ಬಾಕಿ ಸಲುವಾಗಿ ಮಾಳಿಗಿ ಒಡೀಬೇಕೇನು?" ಎಂದು ಸಾವಕಾರರು ಗುಡುಗಿದರಂತೆ.

"ಒಬ್ಬಾಕಿನಽ ಹಡೀತಾಳ್ರೀ," ಎಂದನಂತೆ ಕಾಕಾ. "ಕಮಿಟಿ ಕೂಡಿ ಹಡಿಯೂದಿಲ್ಲ!"

ನಮ್ಮೂರಲ್ಲೇ ಉಳಿದಿದ್ದ ಖಾಲಾಳನ್ನೂ ಕೇಳಿದ. "ನನಗ್ ಹೊಳೀಲಿಲ್ಲ ನೋಡ್ ಬಾಬಾ," ಎಂದಳಂತೆ ಆಕೆ, "ಬೆಳಕಿದ್ರ ನನಗೂ ಛಲೋ." ಮಾಳಿಗೆಯಲ್ಲಿ ಒಂದು ಬೆಳಕಿಂಡಿ ತೆರೆದು ಗಾಜು ಕೂಡಿಸಿದರು. ಬಜಾರದವರಿಗೆ ಕಾಣುವುದಿಲ್ಲ, ಮಲಗಿದವಳಿಗೆ ಮುಗಿಲು ಕಾಣುತ್ತದೆ.

ನೋವು ಶುರುವಾದದ್ದು ಬೆಳಿಗ್ಗೆ. ಬೆಳಕಿನ ಒಂದು ಚೌಕ ಗೋಡೆಯ ಮೇಲಿತ್ತು. ಮೆಲ್ಲಗೆ ಇಳಿದು ನೆಲಕ್ಕೆ ಬಂತು, ನನ್ನ ಪಾದ ಮುಟ್ಟಿತು. ಮೇಲೆ ಮೋಡಗಳು ಹೋಗುತ್ತಿದ್ದವು. ಖಾಲಾ ನನ್ನ ಬೆನ್ನು ನೀವುತ್ತ ತನ್ನ ಭಾಷೆಯಲ್ಲಿ ಏನೋ ಗುನುಗುತ್ತಿದ್ದಳು. ನಾನು ಎಚ್ಚರದಲ್ಲಿದ್ದೆನೋ ಕನಸಿನಲ್ಲಿದ್ದೆನೋ ಇವತ್ತಿಗೂ ಗೊತ್ತಿಲ್ಲ. ಬೆಳಕು ನನ್ನ ಕೈಗೆ ಬರುವಷ್ಟರಲ್ಲಿ ಕೂಸು ಅತ್ತಿತು. ಬಜಾರಕ್ಕೆಲ್ಲ ಕೇಳುವ ಹಾಗೆ ಅತ್ತಿತು!

ಬಾಗಿಲಾಚೆ ಕೊಡೆ ಊರಿದ ಸಪ್ಪಳ. "ಒಳಗ ಬರ್ಲೇನವ್ವಾ?"

"ಬಾ ಕಾಕಾ."

ಬಂದವನು ಕೂಸಿನ ಬದಿಗೆ ಮೊಣಕಾಲೂರಿ ಕೂತ. ಮಗಳು ಎಂದು ತಿಳಿದು ಅವ್ವನ ಮುಖ ಆಗಲೇ ಸಣ್ಣಗಾಗಿತ್ತು. ಕಾಕಾ ಅತ್ತ ನೋಡಲೂ ಇಲ್ಲ. ಇನ್ನೂ ಕಣ್ಣು ಬಿಡದ ಕೂಸಿನ ಕಿವಿಗೆ ಬಾಗಿ, "ಎತ್ಕೊಳ್ಳಲೇನವ್ವಾ?" ಎಂದು ಕೇಳಿದ. ಕೇಳಿ, ಉತ್ತರಕ್ಕೆ ಕಾದ.

ಕೂಸು ಅವನ ಬೆರಳು ಹಿಡಿಯಿತು.

"ಹೂಂ ಅಂದಳು," ಎಂದು ಕಾಕಾ ನಮ್ಮತ್ತ ತಿರುಗಿ ಹೇಳಿದ. ಅವನ ಕಣ್ಣಲ್ಲಿ ನೀರಿತ್ತು.

ನಾನೂ ಅತ್ತೆ. ನನ್ನನ್ನು ಒಬ್ಬರು ಒಂದು ಮಾತು ಕೇಳಲು ಹತ್ತೊಂಬತ್ತು ವರ್ಷ ಬೇಕಾಗಿತ್ತು. ನನ್ನ ಮಗಳನ್ನು ಹುಟ್ಟಿದ ದಿನವೇ ಕೇಳಿದರು.