ಓಟಿಲ್ಲದವನ ಓಟು

ಮೊಬೈಲಿನೊಳಗೆ ಕ್ಯಾಮೆರಾ ಹೊಕ್ಕ ಹೊಸದರಲ್ಲಿ, ನೈರೋಬಿ ಎಂಬ ಪಟ್ಟಣದ ಕಿಲೆಲೆಶ್ವಾ ಬಡಾವಣೆಯಲ್ಲಿ ಸದಾಶಿವನೆಂಬ ಸಾಧುಪ್ರಾಣಿ ವಾಸವಾಗಿದ್ದ. ಅವನಿದ್ದ ಬಾಡಿಗೆ ಮನೆ ತ್ರಿವಿಕ್ರಮರದು. ಕನ್ನಡ ಕೂಟದ ಅಧ್ಯಕ್ಷಗಿರಿಯೂ ತ್ರಿವಿಕ್ರಮರದೇ.

ರಾಜ್ಯೋತ್ಸವದ ದಿನ ಅಧ್ಯಕ್ಷರ ಭಾಷಣ ಮೈಲುಗಟ್ಟಲೆ ಬೆಳೆದು ಮಕ್ಕಳ ನಾಟಕ ರದ್ದಾಯಿತು. ಜಿರಾಫೆ ವೇಷದಲ್ಲಿ ಕಾದು ಕಾದು ಅಳತೊಡಗಿದ ಮಗಳು ಮೈತ್ರಿಯನ್ನು ರಮಿಸಲು ಸದಾಶಿವ ಮಾತು ಕೊಟ್ಟುಬಿಟ್ಟ: "ಆ ಅಧ್ಯಕ್ಷರನ್ನ ಇಳಿಸೋಕೆ ನಾನೇ ಕೈ ಎತ್ತುತ್ತೀನಿ ಪುಟ್ಟಿ."

ಅವನು ಕೂಟದ ಸಮಿತಿ ಸದಸ್ಯ. ಮುಂದಿನ ಭಾನುವಾರವೇ ನಿಜವಾಗಿ ಅವಿಶ್ವಾಸ ಗೊತ್ತುವಳಿ ಬಂತು.

ಅಂದು ಬೆಳಿಗ್ಗೆ ಮೆಟ್ಟಿಲಲ್ಲಿ ತ್ರಿವಿಕ್ರಮರು ಸದಾಶಿವನ ಹೆಗಲ ಮೇಲೆ ಕೈಯಿಟ್ಟರು. "ಏನ್ರೀ, ಮನೆ ಆರಾಮಾಗಿದೆ ತಾನೆ? ಜನವರಿಗೆ ಅಗ್ರಿಮೆಂಟ್ ರಿನ್ಯೂ ಮಾಡೋಣ. ಸಂಜೆ ಮೀಟಿಂಗಲ್ಲಿ ಸಿಗ್ತೀರಲ್ಲ."

ಸದಾಶಿವ ಎರಡೆರಡು ಮೆಟ್ಟಿಲು ಹಾರಿ ಮನೆಯೊಳಗೆ ಬಂದು ಹೆಂಡತಿಗೆ ಎಲ್ಲ ಹೇಳಿದ.

"ಕೈ ಎತ್ತದೆ ಬಂದ್ರೆ ಮಗಳ ಮುಖ ಹೇಗ್ರೀ ನೋಡ್ತೀರಾ?" ಎಂದಳು ಹೆಂಡತಿ ಊರ್ಮಿಳಾ. ಸ್ವಲ್ಪ ತಡೆದು, "ಎತ್ತಿ ಬಂದ್ರೆ ಈ ಮಂಚ, ಬೀರು ಎಲ್ಲಿ ಇಡೋದು?"

ಅವನು ಮಟಾಟು ಎಂಬ ಬಾಡಿಗೆ ವ್ಯಾನು ಹಿಡಿದು ಕೂಟದ ಕಾನೂನು ಸಲಹೆಗಾರ, ಮಂಗಳೂರಿನ ವಿನ್ಸೆಂಟರ ಮನೆಗೆ ಓಡಿದ.

"ಹೆದರುವುದು ಎಂತಕ್ಕೆ ಮಾರಾಯ್ರೆ?" ಎಂದರು ವಿನ್ಸೆಂಟರು. "ಒಬ್ಬರು ಊರಿಗೆ ಹೋದರು ಅಂತ ಖಾಲಿ ಜಾಗಕ್ಕೆ ನಿಮ್ಮನ್ನು ಸೇರಿಸಿಕೊಂಡದ್ದಲ್ಲವಾ? ನಮ್ಮ ನಿಯಮ ಬರೆದವರು ಊರಲ್ಲಿ ಪಂಚಾಯತಿ ಮೆಂಬರ್ ಆಗಿದ್ದವರು. ಅವಿಶ್ವಾಸಕ್ಕೆ ಓಟು ಹಾಕ್ಲಿಕ್ಕೆ ಚುನಾವಣೆಯಲ್ಲಿ ಗೆದ್ದವರಿಗೆ ಮಾತ್ರ ಹಕ್ಕು ಅಂತ ಬರೆದಿದ್ದಾರೆ. ನಿಮಗಿಲ್ಲ."

ಸದಾಶಿವನಿಗೆ ಅವರ ಕಾಲಿಗೆ ಬೀಳುವಷ್ಟು ಖುಷಿಯಾಯಿತು. ಹಕ್ಕೇ ಇಲ್ಲದವನ ಮೇಲೆ ಮಗಳೂ ಮುನಿಯಲಾರಳು, ಮನೆಯೊಡೆಯನೂ ಮುನಿಯಲಾರ.

ಸಂಜೆ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ನಿಂತ. "ನಾನು ಚುನಾಯಿತ ಸದಸ್ಯ ಅಲ್ಲ. ನನಗೆ ಓಟಿಲ್ಲ." ಅನರ್ಹತೆಯನ್ನು ಅಷ್ಟು ಹೆಮ್ಮೆಯಿಂದ ಯಾರೂ ಸಾರಿರಲಿಕ್ಕಿಲ್ಲ.

"ಒಳ್ಳೇದೇ ಆಯ್ತು," ಎಂದರು ವಿನ್ಸೆಂಟರು. "ತಮ್ಮ ಮೇಲಿನ ಗೊತ್ತುವಳಿಯ ಸಭೆಯನ್ನು ಅಧ್ಯಕ್ಷರೇ ನಡೆಸುವ ಹಾಗಿಲ್ಲ. ಓಟಿಲ್ಲದ ಸದಸ್ಯರು ನಡೆಸಬೇಕು. ಬನ್ನಿ, ಈ ಕುರ್ಚಿಯಲ್ಲಿ ಕೂತ್ಕೊಳ್ಳಿ."

ಕೈಗಳೆದ್ದವು. ಇಳಿಸಬೇಕೆನ್ನುವವರು ಮೂವರು, ಬೇಡವೆನ್ನುವವರೂ ಮೂವರು.

"ಸಮ ಸಮ ಆಯ್ತಲ್ಲ," ಎಂದರು ವಿನ್ಸೆಂಟರು. "ಇನ್ನು ನಿಮ್ಮದೇ ನಿರ್ಣಾಯಕ ಓಟು. ಇಳಿಸಬೇಕಾದರೆ ಕೈ ಎತ್ತಿ."

"ಸಾರ್, ನನಗೆ ಓಟೇ ಇಲ್ಲ ಅಂದ್ರಲ್ಲ?"

"ನಿಮಗಿಲ್ಲ ಮಾರಾಯ್ರೆ. ಕುರ್ಚಿಗೆ ಉಂಟು."

ಮುಂದಿನ ಸಾಲಿನಲ್ಲಿ ತ್ರಿವಿಕ್ರಮರು ಜನವರಿಯ ನಗು ನಕ್ಕರು. ಹಿಂದಿನ ಸಾಲಿನಲ್ಲಿ, ಸಭೆ ನೋಡಲು ಬಂದಿದ್ದ ಊರ್ಮಿಳಾಳ ಮಡಿಲಿಂದ, ಜಿರಾಫೆಯ ಉದ್ದ ಕತ್ತೊಂದು ಮೇಲೆದ್ದಿತು.

"ಅಪ್ಪಾ, ಯು ಪ್ರಾಮಿಸ್ಡ್."

ಸದಾಶಿವ ಕಣ್ಣು ಮುಚ್ಚಿಕೊಂಡ. ಎಡಗೈ ಜೇಬಿನಲ್ಲಿದ್ದ ಮನೆಯ ಬೀಗದಕೈಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಬಲಗೈ ಮೇಲೆದ್ದಿತು.