ನಾನು ಸಾಕದ ಹಂದಿ

ಬಕೆಟ್ಟಿನ ತಳದಲ್ಲಿ ಒಂದು ಕರಿಬೇವಿನ ಎಲೆ ಇತ್ತು. ಅದರ ಪಕ್ಕದಲ್ಲಿ ಚೆನ್ನಾಗಿ ಅಗಿದು ಬಿಟ್ಟ ನುಗ್ಗೆಕಾಯಿಯ ಎರಡು ಸಿಪ್ಪೆ. ಅಷ್ಟೆ.

ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ನಾನು ಸಣ್ಣಗೆ ನಕ್ಕೆ. ಅದು ನಮ್ಮ ಕಾಲೇಜಿನ ಹುಡುಗಿಯರ ಹಾಸ್ಟೆಲಿನ ಎಂಜಲಿನ ಬಕೆಟ್. ಮಳೆಗಾಲದ ಆರಂಭದಲ್ಲಿ ಸದರಿ ಬಕೆಟ್ಟನ್ನು ಎತ್ತಲು ಇಬ್ಬರು ಬೇಕಾಗುತ್ತಿತ್ತು. ಈಗ ಅದನ್ನು ಕಿರುಬೆರಳಿನಲ್ಲಿ ಎತ್ತಬಹುದು. ಇದು ನನ್ನ ಸಾಧನೆ!

ನಾನು ಪರಿಸರ ವಿಜ್ಞಾನದ ಉಪನ್ಯಾಸಕಿ, ಅದೇ ಹಾಸ್ಟೆಲಿನ ಸಹಾಯಕ ವಾರ್ಡನ್, ಮತ್ತು ಕ್ಯಾಂಪಸ್ಸಿನ ಹಸಿರು ಸಮಿತಿಯ ಸಂಚಾಲಕಿ. ಸಮಿತಿಯಲ್ಲಿ ಬೇರೆ ಯಾರೂ ಇಲ್ಲದ ಕಾರಣ ನನ್ನ ಆಯ್ಕೆ ಅವಿರೋಧವಾಗಿ ನಡೆಯಿತು. ಭಾಷಣ ಮಾಡುವುದು ನನ್ನಿಂದ ಆಗದ ಕೆಲಸ. ಆದ್ದರಿಂದ ‘ಬೇಕಾದಷ್ಟೇ ಬಡಿಸಿಕೊಳ್ಳಿ, ಬಡಿಸಿಕೊಂಡದ್ದನ್ನು ಮುಗಿಸಿ’ ಎಂದು ಒಂದು ಹಾಳೆಯಲ್ಲಿ ಬರೆದು ಊಟದ ಕೋಣೆಯ ಗೋಡೆಗೆ ಅಂಟಿಸಿದೆ. ಆಮೇಲೆ ದಿನವೂ ಊಟದ ಹೊತ್ತಿಗೆ ಬಕೆಟ್ಟಿನ ಪಕ್ಕದಲ್ಲಿ ಸುಮ್ಮನೆ ನಿಂತೆ. ಸುಮ್ಮನೆ ನಿಲ್ಲುವುದರಲ್ಲಿ ನನಗೆ ಬಾಲ್ಯದಿಂದಲೂ ಪರಿಣತಿಯಿದೆ. ಯಾವ ಭಾಷಣಕ್ಕೂ ಬಗ್ಗದ ಹುಡುಗಿಯರು ನನ್ನ ಮೌನಕ್ಕೆ ಹೆದರಿ ಹಾಗಲಕಾಯಿಯನ್ನೂ ನುಂಗಿದರು.

ಆ ಶನಿವಾರ ನಾನು ಬಕೆಟ್ಟಿಗೆ ನಗುತ್ತಿರುವಾಗಲೇ ಅಡುಗೆಮನೆಯಿಂದ ಲೀಲಕ್ಕನ ಬೊಬ್ಬೆ ಕೇಳಿತು. ಲೀಲಕ್ಕ ನಮ್ಮ ಹಾಸ್ಟೆಲಿನ ಅಡುಗೆಯವರು. ಮೆಲ್ಲಗೆ ಮಾತನಾಡುವುದು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ನಂಬಿದವರು.

“ಮೇಡಂ, ಇಲ್ಲಿ ಬನ್ನಿ! ಈ ಒಲೆಗೆ ಎಂತ ಆದದ್ದು ನೋಡಿ!”

ಒಲೆಯ ಉರಿ ಹೆಸರುಕಾಳಿನಷ್ಟಿತ್ತು. ನಾನು ನೋಡುತ್ತಿದ್ದಂತೆ ಅದೂ ಹೋಯಿತು.

“ಎಂತ ಆಯ್ತು?” ಎಂದೆ.

“ಎಂತ ಆಗುದು? ಹಿಂದೆ ಹೋಗಿ ನೋಡಿ. ಡ್ರಮ್ಮು ಕೂತಿದೆ, ಬೇಜಾರಾದವರ ಹಾಗೆ.”

ಹಾಸ್ಟೆಲಿನ ಹಿಂದೆ ನಮ್ಮ ಗೋಬರ್ ಗ್ಯಾಸ್ ಗುಂಡಿ ಇದೆ. ಹೆಸರು ಗೋಬರ್ ಆದರೂ ಅದು ತಿನ್ನುವುದು ಹಾಸ್ಟೆಲಿನ ಎಂಜಲನ್ನು. ಗುಂಡಿಯ ಮೇಲೆ ಒಂದು ಕಬ್ಬಿಣದ ಡ್ರಮ್ಮನ್ನು ಕವುಚಿ ಹಾಕಿದ್ದಾರೆ. ಗ್ಯಾಸ್ ತುಂಬಿದರೆ ಡ್ರಮ್ಮು ಮೇಲೇಳುತ್ತದೆ, ಮುಗಿದರೆ ಇಳಿಯುತ್ತದೆ. ಹುಡುಗಿಯರ ಬೆಳಗ್ಗಿನ ಚಹಾ ಮತ್ತು ಕುಡಿಯುವ ಬಿಸಿನೀರು ಆ ಗ್ಯಾಸಿನಲ್ಲೇ ಆಗುವುದು. ಈಗ ಡ್ರಮ್ಮು ಪೂರ್ತಿ ಕೆಳಗೆ ಕುಳಿತಿತ್ತು.

ಎಂಜಲಿಲ್ಲ, ಆದ್ದರಿಂದ ಗ್ಯಾಸಿಲ್ಲ. ನಾನು ಕ್ಯಾಂಪಸ್ಸಿನ ಒಂದು ಹಸಿರು ಯೋಜನೆಯಿಂದ ಇನ್ನೊಂದು ಹಸಿರು ಯೋಜನೆಯನ್ನು ಉಪವಾಸ ಕೆಡವಿದ್ದೆ!

ಪ್ರಾಂಶುಪಾಲರಿಗೆ ತಿಳಿಸಿದೆ. ಅವರು ಸದಾ ಹಸನ್ಮುಖಿ. ಕೆಟ್ಟ ಸುದ್ದಿಯನ್ನು ಕೇಳುವಾಗ ಇನ್ನಷ್ಟು ಹಸನ್ಮುಖಿ.

“ಮಂಗಳವಾರ ಹಸಿರು ಕ್ಯಾಂಪಸ್ ಪರಿಶೀಲನಾ ಸಮಿತಿಯವರು ಬರ್ತಾರೆ. ಅವರಿಗೆ ಆ ಗ್ಯಾಸಲ್ಲೇ ಚಹಾ ಮಾಡಿ ಕೊಡುದು ಅಂತ ನಾನು ಹೇಳಿ ಆಗಿದೆ. ನಿಮ್ಮ ಹೆಸರೂ ಹೇಳಿದ್ದೇನೆ” ಎಂದರು. “ನಮ್ಮ ಆಡಳಿತ ಮಂಡಳಿಯವರಿಗೆ ಆ ಜಾಗ ಕಾರು ನಿಲ್ಲಿಸ್ಲಿಕ್ಕೆ ಬೇಕಂತೆ. ಸಮಿತಿಯ ಎದುರು ಒಲೆ ಹೊತ್ತದಿದ್ರೆ ಗುಂಡಿ ಮುಚ್ಚುದೇ. ಹೇಗಾದ್ರೂ ಮಾಡಿ ಮೇಡಂ.”

‘ಹೇಗಾದರೂ’ ಎಂಬುದಕ್ಕೆ ಲೀಲಕ್ಕನ ಬಳಿ ಉಪಾಯವಿತ್ತು. “ಸೆಗಣಿ ಹಾಕುವ. ಎಂಜಲಿಗಿಂತ ಅದು ಒಳ್ಳೆಯದು.”

“ಎಲ್ಲಿ ಸಿಗ್ತದೆ?”

“ಈ ಬದಿಯಲ್ಲಿ ಎಲ್ಲರಿಗೂ ದನದ ಹಟ್ಟಿ ಉಂಟು, ಹಟ್ಟಿಯಲ್ಲಿ ಸ್ಕೂಟರ್ ಉಂಟು. ದನ ಇದ್ದವರು ಯಾರಾದ್ರೂ ನಿಮ್ಮ ನೆಂಟರಲ್ಲಿ ಇಲ್ವಾ?”

ಇದ್ದರು. ಮಂಡೆಕೋಲಿನಲ್ಲಿ ನನ್ನ ಸೋದರತ್ತೆಯ ಮನೆಯಲ್ಲಿ ದನಗಳಿವೆ, ಸೆಗಣಿ ಧಾರಾಳವಾಗಿದೆ. ಆದರೆ ಅತ್ತೆಯ ಮನೆಯಲ್ಲಿ ಸೆಗಣಿಗಿಂತ ಧಾರಾಳವಾಗಿ ಇರುವುದು ಪ್ರಶ್ನೆಗಳು. ಸಂಬಳ ಸರಿಯಾಗಿ ಬರುತ್ತದಾ, ಕೂದಲು ಯಾಕೆ ಉದುರಿದ್ದು, ಹಾಸ್ಟೆಲಿನಲ್ಲಿ ಯಾರು ಯಾರು ಇದ್ದಾರೆ ಎಂದು ಶುರುವಾಗಿ, ಕೊನೆಗೆ ನನಗೆಂದು ನೋಡಿಟ್ಟ ಕೊಲ್ಲಮೊಗ್ರಿನ ಹುಡುಗನ ವಿಷಯದಲ್ಲಿ ನಿಲ್ಲುತ್ತವೆ. ಎರಡು ಬಕೆಟ್ ಸೆಗಣಿಗೆ ಅಷ್ಟು ಉತ್ತರ ಕೊಡಲು ನಾನು ಸಿದ್ಧಳಿರಲಿಲ್ಲ.

“ಯಾರೂ ಇಲ್ಲ” ಎಂದೆ.

ನನ್ನ ಉಪಾಯ ಹೆಚ್ಚು ವೈಜ್ಞಾನಿಕವಾಗಿತ್ತು. ಮರುದಿನ ಭಾನುವಾರ ಸುಳ್ಯದಲ್ಲಿ ಯಾರದೋ ಮದುವೆ. ಯಾರದೋ ಎಂಬುದೇ ಅದರ ಸೊಗಸು. ಪರಿಚಯವಿಲ್ಲದವರ ಉಳಿದ ಊಟ, ಪರಿಚಯವಿಲ್ಲದ ಊರಿನವರ ನಡುವೆ, ಯಾವ ಪ್ರಶ್ನೆಯೂ ಇಲ್ಲದೆ! ಹಾಸ್ಟೆಲಿಗೆ ತರಕಾರಿ ತರುವ ಕುಶಾಲಣ್ಣನ ಗೂಡ್ಸ್ ಆಟೋದಲ್ಲಿ ದೊಡ್ಡ ಡಬ್ಬಗಳನ್ನಿಟ್ಟುಕೊಂಡು ಮದುವೆ ಹಾಲಿನ ಹಿಂಬಾಗಿಲಿಗೆ ಹೋದೆ. ಕೈತೊಳೆಯುವ ನಲ್ಲಿಗಳ ಸಾಲಿನ ಬಳಿ ಹಾಲಿನ ಮ್ಯಾನೇಜರ್ ನಿಂತಿದ್ದರು.

“ಉಳಿದ ಊಟ ಸಿಗಬಹುದಾ?” ಎಂದು ಆದಷ್ಟು ಮೆಲ್ಲಗೆ ಕೇಳಿದೆ.

ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. “ಎಷ್ಟು ಹಂದಿ ಉಂಟು?” ಎಂದರು.

ಮದುವೆ ಹಾಲಿನ ಉಳಿದ ಊಟ ಕೇಳಿಕೊಂಡು ಬರುವವರು ಹಂದಿ ಸಾಕುವವರು ಮಾತ್ರ ಎಂಬುದು ನನಗೆ ಗೊತ್ತಿರಲಿಲ್ಲ. ಆಗ ನಾನು, ‘ಹಂದಿಯಲ್ಲ, ಇದು ನಮ್ಮ ಕಾಲೇಜಿನ ಜೈವಿಕ ಅನಿಲ ಘಟಕಕ್ಕೆ’ ಎಂದು ಹೇಳಬೇಕಿತ್ತು. ಆದರೆ ಹಾಗೆ ಹೇಳಿದರೆ, ಕಾಲೇಜಿನಲ್ಲಿ ಎಂಜಲು ಯಾಕಿಲ್ಲ ಎಂದು ಕೇಳುತ್ತಾರೆ. ಕೈತೊಳೆಯಲು ನಿಂತಿದ್ದ ರೇಷ್ಮೆ ಸೀರೆಗಳೆಲ್ಲ ತಿರುಗಿ ನೋಡುತ್ತಿದ್ದವು. ಒಂದು ಪದದಲ್ಲಿ ಮುಗಿಯುವುದನ್ನು ಒಂದು ಪದದಲ್ಲೇ ಮುಗಿಸುವುದು ನನ್ನ ಸ್ವಭಾವ.

“ಒಂದೇ” ಎಂದೆ.

ಅವರು ನನ್ನ ಡಬ್ಬಗಳನ್ನು ನೋಡಿದರು. “ಒಂದಕ್ಕೆ ಇಷ್ಟಾ?”

“ದೊಡ್ಡದು.”

“ದೊಡ್ಡದಾ?” ಎಂದು ಹಿಂದಿನಿಂದ ಇನ್ನೊಂದು ಧ್ವನಿ ಕೇಳಿತು.

ಒದ್ದೆ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡು ನಿಂತಿದ್ದರು, ಮಂಡೆಕೋಲಿನ ಅತ್ತೆ! ಸುಳ್ಯದಲ್ಲಿ ‘ಯಾರದೋ ಮದುವೆ’ ಎಂಬುದು ಇರುವುದೇ ಇಲ್ಲ ಎಂದು ನನಗೆ ಅಂದು ತಿಳಿಯಿತು.

“ಎಂತ ಮಾರಾಯ್ತಿ! ಹಂದಿ ತಗೊಂಡದ್ದು ನಮಗೆ ಹೇಳುದು ಬೇಡ್ವಾ? ಎಲ್ಲಿ ಉಂಟು ಅದು?”

“ಹಾಸ್ಟೆಲಿನ ಹಿಂದೆ” ಎಂದೆ. ಅದೇನೂ ಸುಳ್ಳಲ್ಲ.

“ಚೆನ್ನಾಗಿ ತಿಂತದಾ?”

“ಕೊಟ್ಟದ್ದೆಲ್ಲ ತಿಂತದೆ.” ಅದೂ ಸುಳ್ಳಲ್ಲ.

“ಬುದ್ಧಿವಂತೆ!” ಎಂದರು ಅತ್ತೆ, ನಾನು ಹುಟ್ಟಿದಾರಭ್ಯ ಮೊದಲ ಬಾರಿಗೆ. “ಬರೇ ಸಂಬಳ ನಂಬಿದ್ರೆ ಆಗುದಿಲ್ಲ. ಕಡಿಯುವಾಗ ನಮಗೆ ಎರಡು ಕಿಲೋ ತೆಗೆದಿಡು, ಆಯ್ತಾ?”

“ಆಯ್ತು ಅತ್ತೆ” ಎಂದೆ. ಕೊಲ್ಲಮೊಗ್ರಿನ ವಿಷಯ ಬರದೆ ಮುಗಿದ ನಮ್ಮ ಮೊದಲ ಮಾತುಕತೆ ಅದು. ಹಂದಿಯ ಮೇಲೆ ನನಗೆ ಸ್ವಲ್ಪ ಪ್ರೀತಿಯೇ ಹುಟ್ಟಿತು.

ಡಬ್ಬಗಳು ತುಂಬಿದವು. ಅನ್ನ, ಗೀರೈಸ್, ಅನಾನಸಿನ ಮೆಣಸ್ಕಾಯಿ, ಹೋಳಿಗೆ, ಮತ್ತು ಒಂದು ಇಡೀ ಡಬ್ಬ ಕಡ್ಲೆಬೇಳೆ ಪಾಯಸ. ಗುಂಡಿಯ ಬಳಿ ಲೀಲಕ್ಕ ಪಾಯಸವನ್ನು ನೋಡಿ ನಿಟ್ಟುಸಿರು ಬಿಟ್ಟರು.

“ಇದನ್ನೂ ಹಾಕುದಾ ಮೇಡಂ?”

“ಸಕ್ಕರೆ ಬೇಗ ಕೊಳೆಯುತ್ತದೆ, ಗ್ಯಾಸ್ ಬೇಗ ಬರುತ್ತದೆ” ಎಂದೆ. ಜೈವಿಕ ಅನಿಲದ ಬಗ್ಗೆ ಎಂ.ಎಸ್ಸಿ. ಪರೀಕ್ಷೆಯಲ್ಲಿ ಪುಟಗಟ್ಟಲೆ ಉತ್ತರ ಬರೆದವಳು ನಾನು.

“ಹಾಗಾದ್ರೆ ಹಾಕಿ ಬಿಡುವ. ಪಾಪ, ಅದೂ ಒಂದು ದಿನ ಮದುವೆ ಊಟ ಉಣ್ಲಿ.”

ಸೋಮವಾರ ಬೆಳಿಗ್ಗೆ ನೋಡಿದರೆ ಡ್ರಮ್ಮು ಮೇಲೆದ್ದಿತ್ತು! ಸಂಜೆಯ ಹೊತ್ತಿಗೆ ಮತ್ತಷ್ಟು ಎದ್ದು, ಮದುಮಗನ ಅಪ್ಪನ ಹಾಗೆ ಎದೆಯುಬ್ಬಿಸಿ ನಿಂತಿತು. ನಾನು ಅದರ ಫೋಟೋ ತೆಗೆದು ಪ್ರಾಂಶುಪಾಲರಿಗೆ ಕಳುಹಿಸಿದೆ. ಗ್ಯಾಸ್ ಖರ್ಚಾಗಬಾರದೆಂದು ಒಲೆ ಹೊತ್ತಿಸಿ ನೋಡುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಿದೆ. ಇಂಧನ ಸಂರಕ್ಷಣೆ!

ಅಷ್ಟರಲ್ಲಿ ಸಂಪಾಜೆಯಿಂದ ಅಮ್ಮನ ಫೋನು ಬಂತು.

“ನೀನು ಹಂದಿ ಸಾಕ್ತಿಯಂತೆ?”

“ಇಲ್ಲ ಅಮ್ಮ. ಅದು ಗೋಬರ್ ಗ್ಯಾಸ್.”

“ಛೆ” ಎಂದರು ಅಮ್ಮ, ಒಂದೇ ಪದದಲ್ಲಿ. ನನ್ನ ಸ್ವಭಾವ ಅವರಿಂದಲೇ ಬಂದದ್ದು.

“ಹಂದಿಯೇ ಆಗಿದ್ರೆ ಒಳ್ಳೆದಿತ್ತು. ಚಿಕ್ಕಪ್ಪನವರು ಅದರ ಕಾಲು ಕೇಳಿದ್ದಾರೆ. ಕೊಲ್ಲಮೊಗ್ರಿನವರು ಕೂಡ, ‘ಓದಿದ ಹುಡುಗಿಯಾದ್ರೂ ಕೆಲಸಕ್ಕೆ ನಾಚಿಕೆ ಇಲ್ಲ’ ಅಂತ ಖುಷಿಯಲ್ಲಿ ಇದ್ದಾರಂತೆ. ಈಗ ಗ್ಯಾಸ್ ಅಂತ ನಾನು ಹೇಗೆ ಹೇಳುದು?”

“ಹೇಳ್ಬೇಡಿ” ಎಂದೆ.

ಮಂಗಳವಾರ ಸಮಿತಿಯವರು ಬಂದರು. ಅಧ್ಯಕ್ಷರು ತೆಳ್ಳಗಿನ, ನೀಟಾದ ಹಿರಿಯರು. ಎಲ್ಲವನ್ನೂ ಮುಟ್ಟಿ ನೋಡುವವರು. ಸೋಲಾರ್ ದೀಪ ನೋಡಿದರು, ಮಳೆನೀರಿನ ತೊಟ್ಟಿ ನೋಡಿದರು, ಗೋಡೆಯ ಮೇಲಿನ ನನ್ನ ಬರಹ ಓದಿ ತಲೆದೂಗಿದರು. ಖಾಲಿ ಬಕೆಟ್ಟನ್ನು ಬಗ್ಗಿ ನೋಡಿ, “ಬಹಳ ಒಳ್ಳೆಯ ಕೆಲಸ” ಎಂದರು. ಪ್ರಾಂಶುಪಾಲರು ಇನ್ನಷ್ಟು ಹಸನ್ಮುಖಿಯಾದರು. ಎಲ್ಲರೂ ಅಡುಗೆಮನೆಗೆ ಬಂದು ಒಲೆಯ ಸುತ್ತ ನಿಂತರು.

ಲೀಲಕ್ಕ ಹೊಸ ಸೀರೆ ಉಟ್ಟಿದ್ದರು. ಚಹಾದ ನೀರು ಇಟ್ಟರು, ಒಲೆಯ ನಾಬ್ ತಿರುಗಿಸಿದರು. ಗ್ಯಾಸು ಬುಸ್ಸೆಂದು ಬಂತು. ಎಂಥ ರಭಸ! ಕಡ್ಡಿ ಗೀರಿ ಹಿಡಿದರು.

ಕಡ್ಡಿ ಆರಿತು.

“ಗಾಳಿ” ಎಂದರು ಲೀಲಕ್ಕ. ಪ್ರಾಂಶುಪಾಲರು ಓಡಿ ಹೋಗಿ ಕಿಟಕಿ ಮುಚ್ಚಿದರು. ಇನ್ನೊಂದು ಕಡ್ಡಿ. ಆರಿತು. ಮತ್ತೊಂದು. ಅದಂತೂ ಯಾರೋ ಬಾಯಿಯಿಂದ ಊದಿದ ಹಾಗೆ ಆರಿತು.

ನನಗೆ ಆಗ ನನ್ನ ಪರೀಕ್ಷೆಯ ಉತ್ತರ ನೆನಪಾಯಿತು, ಅದೂ ಸರಿಯಾಗಿ, ಅಡಿಗೆರೆ ಸಮೇತ. ಒಮ್ಮೆಲೇ ಸಿಹಿ ಸುರಿದರೆ ಗುಂಡಿ ಹುಳಿಯಾಗುತ್ತದೆ. ಆಗ ಬರುವುದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ಅದು ಡ್ರಮ್ಮನ್ನು ಎತ್ತುತ್ತದೆ, ಉರಿಯುವುದಿಲ್ಲ. ಉರಿಯುತ್ತಿರುವುದನ್ನು ಆರಿಸುತ್ತದೆ.

ಅಧ್ಯಕ್ಷರಿಗೂ ಅದು ಹೊಳೆದಿರಬೇಕು. “ಅಗ್ನಿಶಾಮಕ ವ್ಯವಸ್ಥೆ ಚೆನ್ನಾಗಿದೆ” ಎಂದರು, ಗಂಭೀರವಾಗಿ. “ಗುಂಡಿಗೆ ಏನು ಹಾಕಿದಿರಿ?”

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂಬಾಗಿಲಿನಲ್ಲಿ ಕುಶಾಲಣ್ಣ ಕಾಣಿಸಿಕೊಂಡರು. ಎರಡೂ ಕೈಯಲ್ಲಿ ತುಂಬಿದ ಬಕೆಟ್.

“ಮೇಡಂ, ಮದುವೆ ಹಾಲಿನವರು ಕಳಿಸಿದ್ದು! ನಿನ್ನೆ ರಿಸೆಪ್ಶನ್ ಇತ್ತಂತೆ. ನಿಮ್ಮ ಹಂದಿಗೆ ಕೊಡ್ಲಿಕ್ಕೆ ಹೇಳಿದ್ರು!”

ಎಲ್ಲರೂ ಬಕೆಟ್ಟುಗಳನ್ನು ನೋಡಿದರು, ಆಮೇಲೆ ನನ್ನನ್ನು.

“ಕ್ಯಾಂಪಸ್ಸಿನಲ್ಲಿ ಹಂದಿ ಸಾಕಣೆಯೂ ಉಂಟಾ?” ಎಂದು ಅಧ್ಯಕ್ಷರು ಕೇಳಿದರು. ಅವರ ಧ್ವನಿಯಲ್ಲಿ ಆಸಕ್ತಿಯಿತ್ತು.

“ಇಲ್ಲ ಸರ್” ಎಂದೆ. ಆಮೇಲೆ ನನ್ನ ಜೀವನದಲ್ಲೇ ಅತಿ ಉದ್ದವಾದ ಭಾಷಣ ಮಾಡಿದೆ. ಬಕೆಟ್ಟಿನಿಂದ ಶುರುಮಾಡಿ ಗೋಡೆಯ ಬರಹ, ಮದುವೆ, ಪಾಯಸ, ಅತ್ತೆ, ಒಂದೂ ಬಿಡದೆ ಎಲ್ಲ ಹೇಳಿದೆ. ಕೊನೆಯ ಹೊತ್ತಿಗೆ ಕಿಟಕಿಯಾಚೆ ಅರ್ಧ ಹಾಸ್ಟೆಲ್ ನಿಂತಿತ್ತು. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಳು ಅಲ್ಲ.

ಲೀಲಕ್ಕ ಎಲ್ಲರಿಗೂ ಪುನರ್ಪುಳಿ ಶರಬತ್ತು ಕೊಟ್ಟರು. ಅದಕ್ಕೆ ಬೆಂಕಿ ಬೇಡ.

“ಎರಡೂ ಯೋಜನೆ ಒಳ್ಳೆಯದೇ” ಎಂದರು ಅಧ್ಯಕ್ಷರು, ಹೊರಡುವಾಗ. “ಒಂದೇ ಹಾಸ್ಟೆಲಿನಲ್ಲಿ ಇರಬಾರದಿತ್ತು, ಅಷ್ಟೆ. ಮುಂದಿನ ತಿಂಗಳು ಮತ್ತೆ ಬರ್ತೇವೆ. ಆಗ ಒಲೆ ಹೊತ್ತಬೇಕು. ಗುಂಡಿಗೆ ಸ್ವಲ್ಪ ದಿನ ಊಟ ನಿಲ್ಲಿಸಿ, ಸುಣ್ಣದ ನೀರು ಹಾಕಿ, ಮತ್ತೆ ಹಸಿ ಸೆಗಣಿ ಹಾಕಿ ಬನ್ನಿ.”

ಪ್ರಾಂಶುಪಾಲರು ನನ್ನ ಕಡೆ ತಿರುಗಿದರು. “ಸೆಗಣಿ ಎಲ್ಲಿ ಸಿಗ್ತದೆ ಮೇಡಂ? ತಿಂಗಳೊಳಗೆ ಆಗದಿದ್ರೆ ಗುಂಡಿಯ ಜಾಗದಲ್ಲಿ ಕಾರು ನಿಲ್ಲುದೇ.”

“ನೋಡ್ತೇನೆ” ಎಂದೆ. ನಾನು ಆಗಲೇ ನೋಡುತ್ತಿದ್ದೆ. ಮಂಡೆಕೋಲಿನ ಇಡೀ ದೃಶ್ಯ ಕಣ್ಣ ಮುಂದಿತ್ತು.

ಮರುದಿನ ಬೆಳಿಗ್ಗೆ ಎರಡು ಖಾಲಿ ಬಕೆಟ್ ಹಿಡಿದುಕೊಂಡು ಮಂಡೆಕೋಲಿಗೆ ಹೋದೆ. ಅತ್ತೆ ಅಂಗಳದಲ್ಲೇ ಇದ್ದರು.

“ಬಾ ಬಾ! ಹಂದಿ ಹೇಗುಂಟು?”

ನಿಜ ಹೇಳಲೆಂದೇ ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡು ಬಂದಿದ್ದೆ. ಆದರೆ ಭಾಷಣ ಮಾಡುವ ನನ್ನ ಶಕ್ತಿಯೆಲ್ಲ ಹಿಂದಿನ ದಿನವೇ ಖರ್ಚಾಗಿತ್ತು.

“ಸ್ವಲ್ಪ ಸೆಗಣಿ ಬೇಕಿತ್ತು ಅತ್ತೆ.”

“ಸೆಗಣಿಯಾ? ಹಂದಿಗಾ?”

“ಹೌದು. ಅದಕ್ಕೆ ಹೊಟ್ಟೆ ಸರಿ ಇಲ್ಲ” ಎಂದೆ. ಆ ವಾರದಲ್ಲಿ ನಾನು ಹೇಳಿದ ಅತ್ಯಂತ ವೈಜ್ಞಾನಿಕ ಮಾತು ಅದು.

ಅತ್ತೆಯ ಮುಖ ಬಾಡಿತು. “ಅಯ್ಯೋ ದೇವರೇ! ಹಾಗಾದ್ರೆ ನಮ್ಮ ಎರಡು ಕಿಲೋ?”

ನಾನು ಚೂಡಿದಾರದ ಕಾಲನ್ನು ಮಡಚಿ, ಬಕೆಟ್ ಎತ್ತಿಕೊಂಡು ಹಟ್ಟಿಯೊಳಗೆ ಹೋದೆ.